ಶಾಸನಾಸಕ್ತರ ವಾಟ್ಸಾಪ್ ಗುಂಪನ್ನು ಉಳಿಸಿಕೊಳ್ಳುವುದು ಹೇಗೆ?

ಕಲ್ಲಕ್ಷರ (ಬಾಗಲಕೋಟೆ):
ಬಾದಾಮಿ, ಐಹೊಳೆಗಳಲ್ಲಿ ಸುತ್ತಾಡುವಾಗ ಪರಿಚಯವಾದ ಆರೇಳು ಜನ ಸೇರಿ ಎರಡು ವರ್ಷಗಳ ಹಿಂದೆ ಒಂದು ಗುಂಪು ಕಟ್ಟಿದೆವು. ಈಗ ಸದಸ್ಯರು ಇನ್ನೂರು ದಾಟಿದ್ದಾರೆ, ಹಳೆಯ ಲಿಪಿ ಓದಬಲ್ಲವರು ಮಾತ್ರ ಮೂವರೇ. ಹಬ್ಬದ ಶುಭಾಶಯಗಳ ನಡುವೆ ಶಾಸನದ ಚಿತ್ರ ಮುಳುಗಿಹೋಗುತ್ತದೆ; ತಿಂಗಳು ಕಳೆದ ಮೇಲೆ ಅದೇ ಕಲ್ಲು ‘ಹೊಸ ಶೋಧ’ವೆಂದು ಮತ್ತೆ ಬರುತ್ತದೆ. ಆ ಮೂವರೂ ಬೇಸತ್ತು ಹೊರಡುವ ಮುನ್ನ ಏನು ಮಾಡಬಹುದು?

ಗುಮ್ಮಟದೂರು (ವಿಜಯಪುರ):
ಓದುವವರಿಗೆ ಬೇಸರ ತರಿಸುವುದು ಶುಭಾಶಯಗಳಿಗಿಂತ ಹೆಚ್ಚಾಗಿ ಓದಲಾಗದ ಚಿತ್ರಗಳು. ನಡುಹಗಲಿನಲ್ಲಿ ನೇರವಾಗಿ ತೆಗೆದ ಚಿತ್ರದಲ್ಲಿ ಸವೆದ ಅಕ್ಷರ ಕಾಣುವುದಿಲ್ಲ. ಸಂಜೆಯ ಓರೆ ಬಿಸಿಲಿನಲ್ಲಿ, ಇಲ್ಲವೇ ಕತ್ತಲಾದ ಮೇಲೆ ಬ್ಯಾಟರಿಯ ಬೆಳಕನ್ನು ಪಕ್ಕದಿಂದ ಹಾಯಿಸಿ ತೆಗೆದರೆ ಅಕ್ಷರದ ಗುಣಿಯಲ್ಲಿ ನೆರಳು ಕೂತು ಸಾಲು ಎದ್ದು ಕಾಣುತ್ತದೆ. ವಾಟ್ಸಾಪ್ ಚಿತ್ರವನ್ನು ಕುಗ್ಗಿಸುವುದರಿಂದ ಅದನ್ನು ಡಾಕ್ಯುಮೆಂಟ್ ಆಗಿ ಕಳುಹಿಸಲು ಹೇಳಿರಿ. ಕಲ್ಲಿಗೆ ಸುಣ್ಣ, ಎಣ್ಣೆ ಬಳಿದು ತೆಗೆದ ಚಿತ್ರವನ್ನು ಮಾತ್ರ ಯಾರೂ ಹೊಗಳಬಾರದು. ಒಂದಕ್ಕೆ ಭಲೇ ಎಂದರೆ ಮರುವಾರ ಹತ್ತು ಕಲ್ಲುಗಳು ಎಣ್ಣೆ ಕುಡಿದಿರುತ್ತವೆ.

ಓರೆಬೆಳಕು (ಬೆಳಗಾವಿ):
‘ಹೊಸ ಶೋಧ’ದ ಕಾಟಕ್ಕೆ ಬೇರೆಯೇ ಕಾರಣವಿದೆ. ನಮ್ಮವರು ‘ಎಪಿಗ್ರಾಫಿಯಾ ಕರ್ನಾಟಿಕಾ’ ಎಂಬ ಶಾಸನ ಸಂಪುಟಗಳಲ್ಲಿ ಹುಡುಕಿ, ಸಿಗದಿದ್ದರೆ ಅಚ್ಚಾಗಿಲ್ಲವೆಂದು ತೀರ್ಮಾನಿಸುತ್ತಾರೆ. ಆ ಮಾಲೆ ಹಳೆಯ ಮೈಸೂರು, ಕೊಡಗುಗಳದು. ಮುಂಬಯಿ ಪ್ರಾಂತ್ಯದಲ್ಲಿದ್ದ ನಮ್ಮ ಜಿಲ್ಲೆಗಳ ಶಾಸನಗಳಿಗೆ ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಮಾಲೆಯ 11, 15, 18 ಮತ್ತು 20ನೆಯ ಸಂಪುಟಗಳನ್ನು ನೋಡಬೇಕು. ಅವು ಊರುವಾರು ಅಲ್ಲ, ರಾಜಮನೆತನಗಳ ಪ್ರಕಾರ ಜೋಡಣೆಗೊಂಡಿರುವುದರಿಂದ ಊರು, ಸಂಪುಟ, ಶಾಸನ ಸಂಖ್ಯೆಗಳ ಪಟ್ಟಿಯೊಂದನ್ನು ಎಲ್ಲರೂ ತೆರೆಯಬಲ್ಲ ಕಡತದಲ್ಲಿ ಇಟ್ಟುಕೊಂಡರೆ ಅರ್ಧ ಜಗಳ ಮುಗಿಯುತ್ತದೆ.

ನಿಜಕ್ಕೂ ಅಚ್ಚಾಗದ ಕಲ್ಲು ಸಿಕ್ಕರೆ, ಅದು ಹೊಲದ ನಡುವೆ ಒಂಟಿಯಾಗಿದ್ದರೆ, ನಿಖರವಾದ ಸ್ಥಳವನ್ನು ಇನ್ನೂರು ಜನರ ಮುಂದೆ ಹಾಕಬೇಡಿರಿ. ಕಲ್ಲಿನ ಮೇಲ್ಭಾಗದಲ್ಲಿ ಕೆತ್ತಿದ ಸೂರ್ಯ, ಚಂದ್ರ, ಹಸು, ಕರುಗಳನ್ನು ನಿಧಿಯ ಗುರುತೆಂದು ನಂಬಿ ಬುಡ ಅಗೆಯುವವರು ಇನ್ನೂ ಇದ್ದಾರೆ.

ಕಲ್ಲಕ್ಷರ (ಬಾಗಲಕೋಟೆ):
ಇಬ್ಬರಿಗೂ ಧನ್ಯವಾದಗಳು. ಲಿಪಿ ಬಾರದ ನಾವೇ ಪಟ್ಟಿಯ ಕೆಲಸ ವಹಿಸಿಕೊಳ್ಳುತ್ತೇವೆ. ಆದರೆ 11ನೆಯ ಸಂಪುಟದಲ್ಲಿ ನಮ್ಮ ಜಿಲ್ಲೆಯ ಹೆಸರೇ ಕಾಣಲಿಲ್ಲವಲ್ಲ?

ಓರೆಬೆಳಕು (ಬೆಳಗಾವಿ):
ತಮ್ಮ ಜಿಲ್ಲೆ ಹುಟ್ಟಿದ್ದು 1997ರಲ್ಲಿ, ಸರ್. ‘ಬಿಜಾಪುರ’ ಎಂದಿರುವಲ್ಲಿ ನೋಡಿರಿ.