ಪುಟ್ಟಿ, ಅದು ಮುನಿಸಿನ ಹಾಡಲ್ಲ

ಪುಟ್ಟಿ, ಟೈಪ್ ಮಾಡುತ್ತ ಕುಳಿತರೆ ಮಧ್ಯಾಹ್ನವಾಗುತ್ತದೆ, ಅದಕ್ಕೇ ಬಾಯಲ್ಲೇ ಹೇಳುತ್ತಿದ್ದೇನೆ. ನಿಮ್ಮ ಅಪ್ಪ ಅಮ್ಮನ ಮದುವೆಯ 25ನೇ ವರ್ಷದ ವಿಡಿಯೊಗೆ ಬೇಂದ್ರೆಯವರ ‘ನೀ ಹೀಂಗ ನೋಡಬ್ಯಾಡ ನನ್ನ’ ಹಾಡನ್ನು ಆರಿಸಿ, ‘ಮುನಿಸಿಕೊಂಡ ಹೆಂಡತಿಯನ್ನು ಗಂಡ ರಮಿಸುವ ಹಾಡು’ ಎಂದು ಗುಂಪಿನಲ್ಲಿ ಬರೆದಿದ್ದೀಯಲ್ಲ, ಅದು ಹಾಗಲ್ಲ ಕಣೆ. ಭಾವ ಆಗಲೇ ಮೂರು ಹೃದಯದ ಚಿತ್ರ ಒತ್ತಿದ್ದಾರೆ. ಅವರು ಪಲ್ಲವಿ ದಾಟಿ ಮುಂದೆ ಕೇಳಿಲ್ಲ ಎಂದು ನಾನು ಬರೆದುಕೊಡುತ್ತೇನೆ.

ನಿನ್ನ ತಪ್ಪೇನಿಲ್ಲ. ಪಲ್ಲವಿ ಕೇಳಿದರೆ ಯಾರಿಗಾದರೂ ಸರಸವೆಂದೇ ಅನ್ನಿಸುತ್ತದೆ. ಮುಂದಿನ ಚರಣದಲ್ಲಿ ‘ಮಲಗಿರುವ ಕೂಸು ಮಲಗಿರಲಿ’ ಎಂದು ಬರುತ್ತದೆ, ಅದರ ಬೆನ್ನಿಗೇ ‘ಮುಂದಿನದು ದೇವರ ಚಿತ್ತ’ ಎಂದೂ ಬರುತ್ತದೆ. ನಿದ್ದೆ ಮಾಡುವ ಕೂಸಿನ ಬಗ್ಗೆ ಯಾರಾದರೂ ಹಾಗೆ ಹೇಳುತ್ತಾರೆಯೇ? ಕೂಸು ಉಳಿಯುವುದಿಲ್ಲ. ಅದು ಇಬ್ಬರಿಗೂ ಗೊತ್ತು. ಅವಳು ಬಾಯಿ ಬಿಟ್ಟು ಒಂದು ಮಾತೂ ಆಡುವುದಿಲ್ಲ, ಗಂಡನ ಮುಖವನ್ನೇ ನೋಡುತ್ತಾಳೆ. ಅವನ ಬಳಿ ಉತ್ತರವಿಲ್ಲ. ನನ್ನನ್ನೇನು ದೇವರೆಂದುಕೊಂಡೆಯಾ ಎಂದು ಕೇಳುವಷ್ಟು ಕೈಸೋತಿದ್ದಾನೆ. ನೋಡಲೇಬೇಡ ಎನ್ನುತ್ತಿಲ್ಲ, ‘ಹೀಂಗ’ ನೋಡಬೇಡ ಎನ್ನುತ್ತಿದ್ದಾನೆ. ಇಡೀ ಹಾಡು ಆ ಒಂದು ಪದದ ಮೇಲೆ ನಿಂತಿದೆ.

ನನಗೆ ಇದರಲ್ಲಿ ತಡೆಯಲಾಗದ್ದು ಅಳುವಲ್ಲ, ಆ ನಗು. ಅವಳು ನಗಲು ನೋಡುತ್ತಾಳೆ. ಅತ್ತರೆ ಅತ್ತುಬಿಡು, ಹೊನಲೇ ಬರಲಿ, ನಕ್ಕು ಯಾಕೆ ದುಃಖ ಮರೆಸುತ್ತೀ ಎಂದು ಅವನು ಅಂಗಲಾಚುತ್ತಾನೆ. ಬಣ್ಣ ಹಾರಿದ ಅವಳ ಮುಖ ಅವನಿಗೆ ಹಗಲು ಹೊತ್ತಿನಲ್ಲಿ ತೇಲಿಬಂದ ಹುಣ್ಣಿಮೆ ಚಂದ್ರನ ಹೆಣದಂತೆ ಕಾಣುತ್ತದೆ. ಹೆಂಡತಿಯ ಮುಖವನ್ನು ಚಂದ್ರನಿಗೆ ಹೋಲಿಸದ ಕವಿ ಯಾರಿದ್ದಾರೆ ಹೇಳು, ಆದರೆ ಹೆಣದ ಜೊತೆ? ಬೇಂದ್ರೆಯವರಿಗೆ ಆ ಮಾತು ಎಲ್ಲಿಂದಲೋ ಹಾರಿ ಬಂದದ್ದಲ್ಲ. ಆ ದಂಪತಿ ಒಂದಲ್ಲ, ಹಲವು ಮಕ್ಕಳನ್ನು ಮಣ್ಣಿಗೆ ಕೊಟ್ಟವರು.

ಹಾಗಾದರೆ ಇದು ಪ್ರೇಮದ ಹಾಡೇ ಅಲ್ಲವೇ ಎಂದು ನೀನು ಕೇಳುತ್ತೀಯ, ನನಗೆ ಗೊತ್ತು. ಹೌದು ಪುಟ್ಟಿ, ಇದಕ್ಕಿಂತ ದೊಡ್ಡ ಪ್ರೇಮದ ಹಾಡು ನನಗೆ ಗೊತ್ತಿಲ್ಲ. ಕೇಕು ಕತ್ತರಿಸುವಾಗ ಹಾಕುವುದಲ್ಲ, ಅಷ್ಟೇ.

ಇನ್ನೊಂದು ವಿಷಯ. ಅಜ್ಜಿ ಈ ಗುಂಪಿನಲ್ಲಿ ಇಲ್ಲವೆಂದು ಹೇಳುತ್ತಿದ್ದೇನೆ. ನಿಮ್ಮ ಅಮ್ಮನಿಗೂ ನನಗೂ ನಡುವೆ ಒಂದು ಗಂಡು ಕೂಸಿತ್ತು. ಏಳು ತಿಂಗಳು ಇತ್ತು. ರೇಡಿಯೊದಲ್ಲಿ ಈ ಹಾಡು ಬಂದರೆ ನಿಮ್ಮ ತಾತ ಎದ್ದು ಹಿತ್ತಲಿಗೆ ಹೋಗಿ ತೆಂಗಿನ ಬುಡಕ್ಕೆ ನೀರು ಬಿಡುತ್ತ ನಿಂತುಬಿಡುತ್ತಿದ್ದರು, ಮಳೆಗಾಲದಲ್ಲಿ ಕೂಡ. ಅಜ್ಜಿ ಮಾತ್ರ ಕುಳಿತು ಪೂರ್ತಿ ಕೇಳುತ್ತಿದ್ದಳು. ಭಾನುವಾರ ಅವಳು ಮುಂದಿನ ಕುರ್ಚಿಯಲ್ಲೇ ಇರುತ್ತಾಳೆ. ಬೇರೆ ಹಾಡು ಹುಡುಕು, ನಾನೂ ಎರಡು ಮೂರು ಕಳುಹಿಸುತ್ತೇನೆ.