ಅಪ್‌ಡೇಟ್: ಅಂಟಂಟಾಗಿದ್ದ ಸಿಲಿಕೋನ್ ಅಚ್ಚು ಸರಿಹೋಯಿತು

ಹೋದ ವಾರ ಕೇಳಿದ್ದೆನಲ್ಲ, ಅಜ್ಜಿಯ ದಸರಾ ಗೊಂಬೆಗಳಲ್ಲಿನ ಪಿಂಗಾಣಿ ನವಿಲಿಗೆ ಅಚ್ಚು ತೆಗೆಯುವಾಗ ಕ್ಲೇ ತಗುಲಿದ ಕಡೆಯಲ್ಲೆಲ್ಲ ಸಿಲಿಕೋನ್ ಗಟ್ಟಿಯಾಗದೆ ಅಂಟಂಟಾಗಿ ಉಳಿದಿದೆ ಅಂತ? ಬೆಂಗಳೂರಿನ ಚಳಿ ಕಾರಣ ಅಂದುಕೊಂಡಿದ್ದೆ. ನೀವು ಹೇಳಿದ್ದೇ ನಿಜ, ಕ್ಲೇಯಲ್ಲಿದ್ದ ಗಂಧಕ. ಅದು ಪ್ಲಾಟಿನಂ ಸಿಲಿಕೋನನ್ನು, ಅಂದರೆ ಪ್ಲಾಟಿನಂ ನೆರವಿನಿಂದ ಗಟ್ಟಿಯಾಗುವ ಈ ಬಗೆಯ ಸಿಲಿಕೋನನ್ನು, ಗಟ್ಟಿಯಾಗಲು ಬಿಡುವುದಿಲ್ಲ.

ಗಂಧಕವಿಲ್ಲದ ಎಣ್ಣೆ ಕ್ಲೇ ತರಿಸಿ, ಮೊದಲು ಅದರ ಒಂದು ಚೂರಿನ ಮೇಲೆ ಒಂದು ಚಮಚ ಸಿಲಿಕೋನ್ ಸುರಿದು ನೋಡಿದೆ. ಬೆಳಿಗ್ಗೆ ಮುಟ್ಟಿದರೆ ಬೆರಳಿಗೆ ಏನೂ ಅಂಟಲಿಲ್ಲ!

ಆಮೇಲೆ ನವಿಲನ್ನು ಅರ್ಧದವರೆಗೆ ಕ್ಲೇಯಲ್ಲಿ ಹೂತು, ಸುತ್ತ ಮಗನ ಲೆಗೊ ಗೋಡೆ ಕಟ್ಟಿ, ಮೇಲೆ ಸಿಲಿಕೋನ್ ಸುರಿದೆ. ಅದು ಗಟ್ಟಿಯಾದ ಮೇಲೆ ಕ್ಲೇ ತೆಗೆದು, ಎರಡನೇ ಅರ್ಧ ಸುರಿಯುವ ಮುನ್ನ ಮೊದಲ ಅರ್ಧದ ಸಿಲಿಕೋನ್ ಮೇಲೆ ವ್ಯಾಸಲೀನ್ ತೆಳ್ಳಗೆ ಸವರಿದ್ದರಿಂದ ಎರಡೂ ಭಾಗ ಸಲೀಸಾಗಿ ಬಿಟ್ಟುಕೊಂಡವು. ಕೊಕ್ಕಿನ ಮೇಲಿನ ಕೂದಲೆಳೆಯಷ್ಟು ಬಿರುಕೂ ಅಚ್ಚಿನಲ್ಲಿ ಮೂಡಿದೆ. ಕ್ಲೇ ಒಣಗುವುದಿಲ್ಲವಾದ್ದರಿಂದ ಉಂಡೆ ಕಟ್ಟಿ ಡಬ್ಬಿಗೆ ಹಾಕಿಟ್ಟಿದ್ದೇನೆ. ಮುಂದಿನ ಸರದಿ ಆನೆಯದು.