‘ಯಂತ್ರಮಾನವರು ದುಡಿಯುತ್ತಾರೆ’ ಎನ್ನಬಹುದೇ?

ಗೆಳೆಯರೇ,

ಮನುಷ್ಯನ ಆಕಾರದ ರೋಬಾಟ್‌ಗಳು ಬಂದರೆ ಉದ್ಯೋಗ, ಕೂಲಿ, ಬಂಡವಾಳಗಳ ಗತಿ ಏನಾಗುತ್ತದೆ ಎಂಬ ಲೇಖನವೊಂದನ್ನು ತಿದ್ದುತ್ತಿದ್ದೇನೆ. ಬರೆದವರು ಅರ್ಥಶಾಸ್ತ್ರ ಬಲ್ಲವರು. ವಿಷಯದ ಬಗ್ಗೆ ನನ್ನದೇನೂ ತಕರಾರಿಲ್ಲ. ನಾನು ಸಿಕ್ಕಿಹಾಕಿಕೊಂಡಿರುವುದು ಇಂಥ ವಾಕ್ಯಗಳಲ್ಲಿ: ‘ಗೋದಾಮು ಹತ್ತು ಯಂತ್ರಮಾನವರನ್ನು ನೇಮಿಸಿಕೊಂಡಿತು. ಅವು ಎರಡು ಪಾಳಿಯಲ್ಲಿ ದುಡಿಯುತ್ತವೆ. ಒಬ್ಬ ಯಂತ್ರಮಾನವ ಬಂದರೆ ಒಂದು ಕೆಲಸ ಹೋಯಿತೆಂದೇ ಅರ್ಥ.’ ಮೊದಲು ‘ಯಂತ್ರಮಾನವರನ್ನು’, ಆಮೇಲೆ ‘ಅವು’, ಕೊನೆಗೆ ‘ಒಬ್ಬ’. ಮೂರು ವಾಕ್ಯ ದಾಟುವಷ್ಟರಲ್ಲಿ ಮನುಷ್ಯನಾಗಿದ್ದವನು ವಸ್ತುವಾಗಿ, ಮತ್ತೆ ಮನುಷ್ಯನಾಗಿದ್ದಾನೆ. ನೇಮಿಸಿಕೊಂಡಿತು, ದುಡಿಯುತ್ತವೆ, ಕೆಲಸ ಹೋಯಿತು: ಈ ಮೂರು ಪ್ರಯೋಗಗಳ ಬಗ್ಗೆಯೂ ನನಗೆ ಸಂಶಯವಿದೆ. ಬಲ್ಲವರು ಹೇಳಬೇಕು.

ಮೊದಲು ಲಿಂಗ, ವಚನದ ಜಗಳ. ‘ಯಂತ್ರಮಾನವ’ದ ಕೊನೆಯಲ್ಲಿ ‘ಮಾನವ’ ಕುಳಿತಿರುವುದರಿಂದ ಅದು ಹಠ ಹಿಡಿದು ಪುಲ್ಲಿಂಗವಾಗುತ್ತದೆ. ಆದಿಮಾನವನು, ಹಿಮಮಾನವನು ಇದ್ದ ಹಾಗೆ ಯಂತ್ರಮಾನವನು. ‘ಯಂತ್ರಮಾನವವು’ ಎಂದರೆ ಕಿವಿ ಒಪ್ಪುವುದಿಲ್ಲ. ‘ರೋಬಾಟ್’ ಎಂದರೆ ಈ ಕಾಟವಿಲ್ಲ. ಬಸ್ಸು, ಮೊಬೈಲುಗಳ ಪಕ್ಕದಲ್ಲಿ ಅದು ತೆಪ್ಪಗೆ ನಪುಂಸಕಲಿಂಗದಲ್ಲಿ ಕೂರುತ್ತದೆ. ಎಣಿಕೆಯಲ್ಲೂ ಅದೇ ಕಥೆ. ಇಬ್ಬರು ಕೆಲಸಗಾರರು, ಎರಡು ರೋಬಾಟ್. ಹತ್ತು ಮಂದಿ ಕೆಲಸಗಾರರು, ಹತ್ತು ರೋಬಾಟ್. ಜನರನ್ನು ಎಣಿಸುತ್ತಿದ್ದೇವೋ ಸಾಮಾನನ್ನೋ ಎಂಬುದನ್ನು ಕನ್ನಡದಲ್ಲಿ ಬಾಯಿ ತೆರೆದ ಕೂಡಲೇ ಹೇಳಿಬಿಡಬೇಕಾಗುತ್ತದೆ. ಹಾಗೆಂದು ನಮ್ಮ ನಪುಂಸಕಲಿಂಗ ಅಷ್ಟೊಂದು ಕಟ್ಟುನಿಟ್ಟಿನದೂ ಅಲ್ಲ. ಮಗು ಅಳುತ್ತದೆ, ಮಕ್ಕಳು ಅಳುತ್ತಾರೆ, ಸೂರ್ಯ ಮುಳುಗಿದನು. 2017ರಲ್ಲಿ ಸೌದಿ ಅರೇಬಿಯಾ ಪೌರತ್ವ ಕೊಟ್ಟ ‘ಸೋಫಿಯಾ’ ಎಂಬ ರೋಬಾಟ್ ಬಗ್ಗೆ ಬರೆಯುವಾಗ ‘ಹೇಳಿದಳು’ ಎಂದವರೂ ಇದ್ದಾರೆ. ಆದ್ದರಿಂದ ಬರೀ ಪ್ರತ್ಯಯದ ಮೇಲೆ ನಾನು ಕತ್ತಿ ಎತ್ತುವುದಿಲ್ಲ.

ಆದರೆ ಅಂಕಿಅಂಶ ಬಂದಾಗ ಈ ಪದ ನಿಜವಾಗಿ ದಾರಿ ತಪ್ಪಿಸುತ್ತದೆ. ಅಂತರರಾಷ್ಟ್ರೀಯ ರೊಬಾಟಿಕ್ಸ್ ಒಕ್ಕೂಟದ ಲೆಕ್ಕದಂತೆ 2023ರಲ್ಲಿ ಜಗತ್ತಿನ ಕಾರ್ಖಾನೆಗಳಲ್ಲಿ ಸುಮಾರು 42.8 ಲಕ್ಷ ರೋಬಾಟ್‌ಗಳು ಚಾಲ್ತಿಯಲ್ಲಿದ್ದವು. ಲೇಖನದಲ್ಲಿ ಇದು ‘42.8 ಲಕ್ಷ ಯಂತ್ರಮಾನವರು’ ಆಗಿದೆ. ಓದುವವರ ಕಣ್ಣ ಮುಂದೆ ಎರಡು ಕಾಲಿನ ದಂಡೇ ನಿಲ್ಲುತ್ತದೆ! ಅಸಲಿಗೆ ಅವುಗಳಲ್ಲಿ ಬಹುಪಾಲು ಬೋಲ್ಟ್ ಬಿಗಿದು ಕೂರಿಸಿದ ತೋಳುಗಳು. ತಲೆಯಿಲ್ಲ, ಕಾಲಿಲ್ಲ, ಇದ್ದ ಜಾಗ ಬಿಟ್ಟು ಕದಲುವುದಿಲ್ಲ. 1961ರಲ್ಲಿ ನ್ಯೂಜೆರ್ಸಿಯ ಜನರಲ್ ಮೋಟರ್ಸ್ ಕಾರ್ಖಾನೆಯಲ್ಲಿ ಅಚ್ಚಿನಿಂದ ಬಿಸಿ ಲೋಹದ ಭಾಗಗಳನ್ನು ಎತ್ತಿಡಲು ಬಂದ ‘ಯೂನಿಮೇಟ್’ನ ವಂಶಸ್ಥರು ಅವು. ಅರ್ಥಶಾಸ್ತ್ರಜ್ಞರಾದ ಡರೋನ್ ಅಸೆಮೊಗ್ಲು ಮತ್ತು ಪಾಸ್ಕುವಾಲ್ ರೆಸ್ಟ್ರೆಪೊ 2020ರಲ್ಲಿ ಪ್ರಕಟಿಸಿದ ಪ್ರಸಿದ್ಧ ಅಧ್ಯಯನವಿದೆ. ಸಾವಿರ ಕೆಲಸಗಾರರಿಗೆ ಒಂದರಂತೆ ರೋಬಾಟ್ ಹೆಚ್ಚಾದಾಗ ಜನಸಂಖ್ಯೆಯಲ್ಲಿ ಉದ್ಯೋಗಸ್ಥರ ಪಾಲು ಶೇಕಡಾ 0.2 ಅಂಶದಷ್ಟು, ಕೂಲಿ ಶೇಕಡಾ 0.42ರಷ್ಟು ಇಳಿಯುತ್ತದೆ ಎಂದು ಅವರು ಅಂದಾಜು ಮಾಡಿದರು. ಅದು 1990ರಿಂದ 2007ರವರೆಗಿನ ಅಮೆರಿಕದ ಲೆಕ್ಕ. ಅಲ್ಲಿ ರೋಬಾಟ್ ಎಂದರೆ ಇದೇ ತೋಳು. ಆ ತೋಳುಗಳ ಅಂಕಿಯನ್ನು ತಂದು ‘ಯಂತ್ರಮಾನವ’ ಎಂಬ ಪದದ ಮೂಲಕ ಇಂದಿನ ನಡೆದಾಡುವ ಯಂತ್ರಗಳಿಗೆ ಹಚ್ಚಿದರೆ ಅದು ಅನುವಾದದ ದೋಷವಾಗಿ ಉಳಿಯುವುದಿಲ್ಲ, ವಾದದ ದೋಷವೇ ಆಗುತ್ತದೆ. ಹೀಗಾಗಿ ಆ ತೋಳುಗಳನ್ನು ‘ಯಂತ್ರತೋಳು’ ಅಥವಾ ‘ಕೈಗಾರಿಕಾ ರೋಬಾಟ್’ ಎಂದೇ ಬರೆಯಬೇಕೆಂಬುದು ನನ್ನ ಪಟ್ಟು.

ಇನ್ನು ಹ್ಯೂಮನಾಯ್ಡ್, ಅಂದರೆ ಮನುಷ್ಯನ ಆಕಾರದ ರೋಬಾಟ್. ಅದಕ್ಕೆ ಕನ್ನಡದಲ್ಲಿ ‘ಮಾನವರೂಪಿ’ ಎಂಬ ರೂಢಿಯಿದೆ. ನನಗೆ ಅದು ಅವತಾರಪುರುಷರ ಹತ್ತಿರದ ಮಾತಾಗಿ ಕೇಳುತ್ತದೆ. ಜೊತೆಗೆ ‘ರೂಪ’ದಲ್ಲಿ ಅಂದಚಂದವೂ ಸೇರಿಕೊಳ್ಳುತ್ತದೆ. ‘ಮಾನವಾಭ’ ಶಬ್ದಕೋಶದಿಂದ ಹೊರಗೆ ಬದುಕುವುದಿಲ್ಲ. ‘ಮನುಷ್ಯಾಕಾರದ ರೋಬಾಟ್’ ಉದ್ದವಾದರೂ ನೇರ. ಇಲ್ಲಿ ಮುಖ್ಯವಾದದ್ದು ಆಕಾರವೇ, ಹೋಲಿಕೆಯಲ್ಲ. ಎಜಿಲಿಟಿ ರೊಬಾಟಿಕ್ಸ್ ಕಂಪನಿಯ ‘ಡಿಜಿಟ್’ ಅನ್ನು ನೋಡಿ: ಅದರ ಕಾಲು ಹಕ್ಕಿಯ ಕಾಲಿನಂತೆ ಹಿಂದಕ್ಕೆ ಮಡಿಚುತ್ತದೆ, ಮುಖ ಮನುಷ್ಯನದರಂತಿಲ್ಲ. ಆದರೂ ಎರಡು ಕಾಲು, ಎರಡು ಕೈ, ನಿಂತರೆ ಕಪಾಟಿಗೆ ಎಟಕುವ ಎತ್ತರ ಇದೆ. ಬಾಗಿಲು, ಮೆಟ್ಟಿಲು, ಮೇಜು, ಹಿಡಿಕೆ ಎಲ್ಲವೂ ನಮ್ಮ ಮೈಯ ಅಳತೆಗೆ ತಯಾರಾಗಿರುವಾಗ ಕಟ್ಟಡವನ್ನು ಒಡೆದು ಯಂತ್ರಕ್ಕೆ ಹೊಂದಿಸುವುದಕ್ಕಿಂತ ಯಂತ್ರವನ್ನೇ ಕಟ್ಟಡಕ್ಕೆ ಹೊಂದಿಸುವುದು ಅಗ್ಗ ಎಂಬುದೇ ಈ ಆಕಾರದ ಹಿಂದಿನ ಇಡೀ ಅರ್ಥಶಾಸ್ತ್ರ.

ಈ ದೃಷ್ಟಿಯಿಂದ ನನಗೆ ಆಸೆ ಹುಟ್ಟಿಸಿದ ಪದ ‘ಆಳು’. ಕೂಲಿಯಾಳು, ಹೆಣ್ಣಾಳು, ಗಂಡಾಳು, ‘ಇದು ನಾಲ್ಕಾಳಿನ ಕೆಲಸ’. ದುಡಿಮೆಯ ಅಳತೆಯೂ ಅದೇ, ‘ಆಳೆತ್ತರ’ ಎನ್ನುವಾಗ ದೇಹದ ಅಳತೆಯೂ ಅದೇ. ಬಹುವಚನ ‘ಆಳುಗಳು’, ‘ಗಳು’ ಪ್ರತ್ಯಯಕ್ಕೆ ಮುನಿಸಿಲ್ಲ. ‘ಯಂತ್ರದಾಳು’ ಎಂದರೆ ಆಕಾರ, ಕೆಲಸ ಎರಡೂ ಒಂದೇ ಮಾತಿನಲ್ಲಿ ಬಂದವು. (ಯೂನಿಟ್ರೀ ಕಂಪನಿ 2024ರಲ್ಲಿ 16,000 ಡಾಲರ್‌ಗೆ ಮಾರಾಟಕ್ಕಿಟ್ಟ ‘ಜಿ1’ ಸುಮಾರು 1.3 ಮೀಟರ್ ಎತ್ತರದ್ದು, ಆಳೆತ್ತರಕ್ಕೆ ಬಾರದು. ಇರಲಿ.) ಆದರೆ ಪಕ್ಕದಲ್ಲೇ ‘ಜೀತದಾಳು’ ನಿಂತಿದೆ. ಆ ಸಾಲಿನಲ್ಲಿ ಯಂತ್ರವನ್ನು ನಿಲ್ಲಿಸಿದರೆ ಯಂತ್ರದ ಬಗ್ಗೆ ಮರುಕ ಹುಟ್ಟುತ್ತದೆಯೋ, ಜೀತದ ನೋವು ಹಗುರಾಗುತ್ತದೆಯೋ ಎಂಬ ಅಳುಕು ನನ್ನದು.

ಈ ಅಳುಕಿಗೆ ‘ರೋಬಾಟ್’ ಕೂಡ ಹೊರತಲ್ಲ. ಚೆಕ್ ಲೇಖಕ ಕರೆಲ್ ಚಾಪೆಕ್ 1920ರಲ್ಲಿ ಪ್ರಕಟಿಸಿದ ನಾಟಕದಿಂದ ಅದು ಲೋಕಕ್ಕೆ ಹರಡಿತು. ಹೆಸರು ಸೂಚಿಸಿದವರು ಅವರ ಅಣ್ಣ ಯೋಸೆಫ್. ಚೆಕ್ ಭಾಷೆಯಲ್ಲಿ ‘ರೊಬೊತಾ’ ಎಂದರೆ ರೈತ ಜಮೀನ್ದಾರನಿಗೆ ಕಡ್ಡಾಯವಾಗಿ, ಕೂಲಿಯಿಲ್ಲದೆ ಮಾಡಿಕೊಡಬೇಕಾಗಿದ್ದ ಕೆಲಸ. ಹ್ಯಾಬ್ಸ್‌ಬರ್ಗ್ ಸಾಮ್ರಾಜ್ಯದಲ್ಲಿ ಅದು ಕೊನೆಯಾದದ್ದು 1848ರಲ್ಲಿ. ನಮ್ಮಲ್ಲಿ ಇದಕ್ಕೆ ತಕ್ಕ ಪದ ‘ಬಿಟ್ಟಿ’, ಸಂಸ್ಕೃತದ ‘ವಿಷ್ಟಿ’ಯಿಂದ ಬಂದದ್ದು, ಶಾಸನಗಳ ಕಾಲದ ಪದ. ಇಂದು ‘ಬಿಟ್ಟಿ ಸಿಕ್ಕಿತು’ ಎಂದರೆ ಪುಕ್ಕಟೆ ಸಿಕ್ಕಿತು ಎಂದಷ್ಟೇ. ದುಡಿದವನ ಸಂಕಟ ಹೋಗಿ ಪಡೆದವನ ಲಾಭ ಉಳಿದುಕೊಂಡಿದೆ. ‘ಜೀತ’ ಇದರ ತದ್ವಿರುದ್ಧ ದಾರಿ ಹಿಡಿಯಿತು. ‘ಜೀವಿತ’ದಿಂದ ಬಂದ ಅದು ಹಳಗನ್ನಡದಲ್ಲಿ ಸಂಬಳ, ಜೀವನೋಪಾಯ; ಇಂದು ಸಂಬಳವಿಲ್ಲದ ಬಂಧನ. ಅಂದ ಹಾಗೆ ಚಾಪೆಕ್ಕರ ರೋಬಾಟ್‌ಗಳು ಲೋಹದವಲ್ಲ, ಕೃತಕ ಜೀವದ್ರವ್ಯದಿಂದ ತಯಾರಿಸಿದ ಮಾಂಸದ ಜೀವಿಗಳು. ಮೂಲ ರೋಬಾಟಿಗೇ ‘ಯಂತ್ರಮಾನವ’ ಹೊಂದುವುದಿಲ್ಲ ಎಂದಾಯಿತು.

ಈಗ ನನ್ನ ಮುಖ್ಯ ಪ್ರಶ್ನೆ: ‘ದುಡಿ’. ಈ ಧಾತುವಿನಲ್ಲಿ ಮೈ ಬಗ್ಗಿಸುವುದೂ ಇದೆ, ಸಂಪಾದಿಸುವುದೂ ಇದೆ. ‘ಹೊಲದಲ್ಲಿ ದುಡಿದ’ ಎಂದರೆ ಶ್ರಮ. ‘ಎಷ್ಟು ದುಡಿದ?’ ಎಂದರೆ ಹಣ. ‘ದುಡಿದು ತಿನ್ನು’ ಎಂಬಲ್ಲಿ ಎರಡೂ ಒಂದೇ ಗಂಟಿನಲ್ಲಿವೆ. ಮನುಷ್ಯಾಕಾರದ ರೋಬಾಟ್ ಆರ್ಥಿಕವಾಗಿ ಮಾಡುವುದು ಈ ಗಂಟನ್ನು ಬಿಚ್ಚುವ ಕೆಲಸವನ್ನೇ. 2024ರ ಜೂನ್‌ನಲ್ಲಿ ಜಿಎಕ್ಸ್‌ಒ ಎಂಬ ಸರಕು ಸಾಗಣೆ ಸಂಸ್ಥೆ ಅಮೆರಿಕದ ಜಾರ್ಜಿಯಾದ ಗೋದಾಮಿಗೆ ಡಿಜಿಟ್‌ಗಳನ್ನು ತರಿಸಲು ಒಪ್ಪಂದ ಮಾಡಿಕೊಂಡಿತು. ತಾನೇ ಚಲಿಸಿ ಬರುವ ಗಾಡಿಯೊಂದು ಡಬ್ಬ ಹೊತ್ತು ನಿಲ್ಲುತ್ತದೆ. ಡಿಜಿಟ್ ಡಬ್ಬದ ಎರಡೂ ಬದಿಗೆ ಕೈಯಿಟ್ಟು ಎತ್ತುತ್ತದೆ, ತಿರುಗಿ ನಾಲ್ಕು ಹೆಜ್ಜೆ ಹಾಕಿ ಸಾಗುಪಟ್ಟಿಯ (ಕನ್ವೇಯರ್ ಬೆಲ್ಟ್) ಮೇಲೆ ಇಡುತ್ತದೆ. ಮತ್ತೆ ಹಿಂದಿರುಗುತ್ತದೆ. ಇದು ದುಡಿಮೆಯೇ? ಮೊದಲ ಅರ್ಥದಲ್ಲಿ ಹೌದು ಎನ್ನಲು ಅಡ್ಡಿಯಿಲ್ಲ, ‘ಎತ್ತು ದುಡಿಯುತ್ತದೆ’ ಎನ್ನುವವರು ನಾವು. ಎರಡನೆಯ ಅರ್ಥದಲ್ಲಿ ಡಿಜಿಟ್ ಬಿಡಿಗಾಸೂ ದುಡಿಯುವುದಿಲ್ಲ. ಒಪ್ಪಂದ ಸೇವಾಶುಲ್ಕದ ಮಾದರಿಯದ್ದು. ದುಡ್ಡು ಹೋಗುವುದು ತಯಾರಿಸಿದ ಕಂಪನಿಗೆ. ಹಾಗಿರುವಾಗ ‘ನೇಮಿಸಿಕೊಂಡಿತು’ ಶುದ್ಧ ತಪ್ಪು. ‘ಬಾಡಿಗೆಗೆ ತಂದಿತು’ ಎನ್ನಬೇಕು.

ಲೆಕ್ಕಪತ್ರದವರ ಭಾಷೆಯಲ್ಲಿ ಕೂಲಿಯ ಕಾಲಂ ಬೇರೆ, ಸವಕಳಿಯ ಕಾಲಂ ಬೇರೆ. ಕೆಲಸಗಾರನಿಗೆ ಸಂಬಳ, ಕೊಂಡ ಯಂತ್ರಕ್ಕೆ ಸವಕಳಿ, ಅಂದರೆ ವರ್ಷ ಕಳೆದಂತೆ ಇಳಿಯುವ ಬೆಲೆಯ ಲೆಕ್ಕ. ‘ಸವಕಳಿ’ ಎಂಥ ಒಳ್ಳೆಯ ಪದ! ಆದರೆ ಇಲ್ಲೂ ತಮಾಷೆಯಿದೆ. ವಾಣಿಜ್ಯದ ಪಠ್ಯಗಳಲ್ಲಿ ‘ದುಡಿಯುವ ಬಂಡವಾಳ’ (ದಿನನಿತ್ಯದ ವಹಿವಾಟಿಗೆ ಬೇಕಾದ ಹಣ) ಎಂಬ ಪ್ರಯೋಗವಿದೆ. ಅಂದರೆ ಜಡವಾದ ಹಣವೂ ಕನ್ನಡದಲ್ಲಿ ದುಡಿಯುತ್ತದೆ. ಆದರೆ ಕೈಕಾಲಾಡಿಸಿ ಡಬ್ಬ ಎತ್ತುವ ರೋಬಾಟ್ ಆ ಬಾಬ್ತಿನಲ್ಲಿ ಬರುವುದಿಲ್ಲ, ಕೊಂಡರೆ ಅದು ‘ಸ್ಥಿರ ಆಸ್ತಿ’. ಕಾನೂನಿನ ಕಣ್ಣಿಗೆ ‘ಚರಾಸ್ತಿ’. ಎರಡು ಕಾಲಿನ ಮೇಲೆ ಓಡಾಡುವ ಸ್ಥಿರ ಆಸ್ತಿಯ ಬಗ್ಗೆ ವಾಕ್ಯ ಬರೆಯುವವನ ಪಾಡು ನೀವೇ ಊಹಿಸಿ.

‘ಕೆಲಸ’ ಇನ್ನೂ ಜಾರುವ ಪದ. ಡಬ್ಬ ಎತ್ತಿಡುವುದು ಕೆಲಸ. ಗೋದಾಮಿನ ನೌಕರಿಯೂ ಕೆಲಸ. ‘ಕೆಲಸ ಮುಗಿಯಿತು’ ಎಂದರೆ ಮೊದಲನೆಯದು, ‘ಕೆಲಸ ಹೋಯಿತು’ ಎಂದರೆ ಎರಡನೆಯದು. ಅರ್ಥಶಾಸ್ತ್ರಜ್ಞರ ವಾದ ನಿಂತಿರುವುದು ಈ ಭೇದದ ಮೇಲೆಯೇ: ಯಂತ್ರ ಮೊದಲು ಕಿತ್ತುಕೊಳ್ಳುವುದು ಬಿಡಿ ಕೆಲಸಗಳನ್ನು. ಒಂದು ಹುದ್ದೆಯೊಳಗೆ ಅಂಥವು ಹಲವು ಇರುತ್ತವೆ. ಅವುಗಳಲ್ಲಿ ಕೆಲವು ಹೋದರೆ ಹುದ್ದೆ ಉಳಿದು ಬದಲಾಗಬಹುದು, ಕೂಲಿ ಏರಬಹುದು, ಇಳಿಯಲೂಬಹುದು. ‘ರೋಬಾಟ್ ಕೆಲಸ ಕಸಿಯುತ್ತದೆ’ ಎಂಬ ಶೀರ್ಷಿಕೆ ಇದೆಲ್ಲವನ್ನೂ ಒಂದೇ ಏಟಿಗೆ ಮುಗಿಸುತ್ತದೆ. ಸದ್ಯಕ್ಕೆ ನಾನು ಬಿಡಿ ಕೆಲಸಕ್ಕೆ ‘ಕೆಲಸ’, ನೌಕರಿಗೆ ‘ಉದ್ಯೋಗ’ ಎಂದು ಇಡೀ ಲೇಖನದಲ್ಲಿ ಪಾಲಿಸುತ್ತಿದ್ದೇನೆ. ‘ಕಸುಬು’ ಬೇಡ ಎನಿಸಿತು. ಅದರಲ್ಲಿ ಕೈಚಳಕದ ಹೆಮ್ಮೆ ಇದೆ.

‘ತಾಂತ್ರಿಕ ನಿರುದ್ಯೋಗ’ವನ್ನು ಮಾತ್ರ ದಯವಿಟ್ಟು ಕೈಬಿಡೋಣ. ಶ್ರಮ ಉಳಿಸುವ ದಾರಿಗಳು ಸಿಗುವ ವೇಗಕ್ಕೆ ಆ ಶ್ರಮಕ್ಕೆ ಹೊಸ ಬಳಕೆ ಸಿಗದೆ ಹೋದಾಗ ಹುಟ್ಟುವ ನಿರುದ್ಯೋಗ ಎಂದು 1930ರಲ್ಲಿ ಅರ್ಥಶಾಸ್ತ್ರಜ್ಞ ಕೇನ್ಸ್ ವಿವರಿಸಿದ್ದರು. ಕನ್ನಡದಲ್ಲಿ ‘ತಾಂತ್ರಿಕ ನಿರುದ್ಯೋಗ’ ಎಂದರೆ ಎಂಜಿನಿಯರುಗಳಿಗೆ ಕೆಲಸವಿಲ್ಲ ಎಂದೋ, ‘ತಾಂತ್ರಿಕ ಕಾರಣಗಳಿಂದ’ ಉದ್ಯೋಗ ತಡವಾಗಿದೆ ಎಂದೋ ಕೇಳುತ್ತದೆ. ‘ಯಂತ್ರಜನ್ಯ ನಿರುದ್ಯೋಗ’ ಹೇಗೆ?

ಬಂಡವಾಳ ಸಂಸ್ಥೆಗಳ ಮುನ್ನೋಟಗಳ ಕ್ರಿಯಾಪದವೂ ತಿದ್ದಬೇಕಾದದ್ದೇ. 2035ಕ್ಕೆ ಮನುಷ್ಯಾಕಾರದ ರೋಬಾಟ್‌ಗಳ ಮಾರುಕಟ್ಟೆ 3,800 ಕೋಟಿ ಡಾಲರ್ ಮುಟ್ಟಬಹುದು ಎಂಬ ಗೋಲ್ಡ್‌ಮನ್ ಸ್ಯಾಕ್ಸ್ ಅಂದಾಜು ಲೇಖನದಲ್ಲಿ ‘ಮುಟ್ಟಲಿದೆ’ ಆಗಿದೆ. ‘ಬಹುದು’ ಎಂಬಲ್ಲಿ ‘ಲಿದೆ’ ಬಂದರೆ ಊಹೆ ಪಂಚಾಂಗವಾಗುತ್ತದೆ.

ಉಳಿದದ್ದು ದೂರದಲ್ಲಿ ಕುಳಿತ ಮನುಷ್ಯ. 2024ರ ಅಕ್ಟೋಬರ್‌ನಲ್ಲಿ ಟೆಸ್ಲಾ ಸಮಾರಂಭದಲ್ಲಿ ಅತಿಥಿಗಳೊಡನೆ ಹರಟಿದ ‘ಆಪ್ಟಿಮಸ್’ ರೋಬಾಟ್‌ಗಳ ಹಿಂದೆ ಮನುಷ್ಯ ನಿರ್ವಾಹಕರ ಕೈವಾಡವಿತ್ತು ಎಂಬುದು ವರದಿಯಾಗಿದೆ. ಮನೆಗೆಲಸಕ್ಕೆಂದು ಬರುತ್ತಿರುವ ‘ನಿಯೊ’ ಎಂಬ ಮನುಷ್ಯಾಕಾರದ ರೋಬಾಟ್‌ಗೆ ತಿಳಿಯದ ಕೆಲಸಗಳನ್ನು ಕಂಪನಿಯ ಸಿಬ್ಬಂದಿಯೇ ದೂರದಿಂದ ನಡೆಸಿಕೊಡುವ ಏರ್ಪಾಡಿದೆ. ‘ದೂರನಿಯಂತ್ರಿತ’ ಎಂದರೆ ಟಿವಿ ರಿಮೋಟ್ ನೆನಪಾಗುತ್ತದೆ, ನಡೆಸುವವನು ಕಾಣುವುದಿಲ್ಲ. ನಮ್ಮಲ್ಲಿ ‘ಸೂತ್ರದ ಗೊಂಬೆ’ ಇದೆ, ‘ಸೂತ್ರಧಾರ’ ಇದ್ದಾನೆ. ಆದರೆ ಸೂತ್ರಧಾರ ಎಂದರೆ ಇಂದು ಸಂಚಿನ ರೂವಾರಿ. ಗಂಟೆಗಿಷ್ಟು ಎಂದು ಕೂಲಿಗೆ ಕುಳಿತವನಿಗೆ ಆ ಹೆಸರು ಭಾರ. ‘ನಡೆಸುಗ’ ಎಂದು ಬರೆದು, ಹೊಡೆದುಹಾಕಿ, ‘ದೂರಚಾಲಕ’ ಎಂದು ಬರೆದಿದ್ದೇನೆ. ಇಲ್ಲಿ ದುಡಿಯುವವನು ಅವನೇ ಆದ್ದರಿಂದ ಅವನಿಗೊಂದು ಸರಿಯಾದ ಹೆಸರು ಬೇಕು. ನನಗೆ ತುರ್ತಾಗಿ ಬೇಕಾದ ಉತ್ತರವೂ ಇದರದ್ದೇ.

ಸದ್ಯ ತಿದ್ದಿದ ವಾಕ್ಯಗಳು ಹೀಗಿವೆ: ‘ಗೋದಾಮು ಹತ್ತು ಮನುಷ್ಯಾಕಾರದ ರೋಬಾಟ್‌ಗಳನ್ನು ಬಾಡಿಗೆಗೆ ತಂದಿತು. ಅವು ಎರಡು ಪಾಳಿಯಲ್ಲಿ ಕೆಲಸ ಮಾಡುತ್ತವೆ. ಒಂದು ರೋಬಾಟ್ ಬಂದರೆ ಒಂದು ಉದ್ಯೋಗ ಹೋಯಿತೆಂದು ಹೇಳಲಾಗದು.’ ಕೊನೆಯ ವಾಕ್ಯದ ಅರ್ಥವನ್ನೇ ತಿರುಗಿಸಿದ್ದೇನೆ, ಲೇಖಕರನ್ನು ಕೇಳಿಯೇ. ‘ಪಾಳಿ’ಯನ್ನು ಮಾತ್ರ ಮುಟ್ಟಿಲ್ಲ. ಜಿ1ರಂಥ ಯಂತ್ರದ ಬ್ಯಾಟರಿ ಒಮ್ಮೆಗೆ ಸುಮಾರು ಎರಡು ಗಂಟೆ ಬರುತ್ತದೆ. ಒಂದು ಚಾರ್ಜಿಗೆ ನಿಂತಾಗ ಇನ್ನೊಂದು ಬರಬೇಕು, ಅಂದರೆ ಸರದಿ ಎಂಬ ಹಳೆಯ ಅರ್ಥ ಅಲ್ಲಿ ಸರಿಯಾಗಿಯೇ ಕೂರುತ್ತದೆ. ಬೇರೆ ಅಭಿಪ್ರಾಯವಿದ್ದರೆ, ವಿಶೇಷವಾಗಿ ‘ದೂರಚಾಲಕ’ದ ಬಗ್ಗೆ, ತಿಳಿಸಿ.